ಮೂರು ಊರು, ಒಂದು ಹುಲಿ: ಬಳಕೆದಾರರ ಕೈಪಿಡಿ

'ದಿಲ್ಲಿ–ಆಗ್ರಾ–ಜೈಪುರ–ರಣಥಂಬೋರ್, ಏಳು ರಾತ್ರಿ ಎಂಟು ಹಗಲು, ನಮ್ಮದೇ ಅಡುಗೆ' ಮಾದರಿಯ ಪ್ರವಾಸವನ್ನು ಆರಿಸಿಕೊಂಡ ತಮಗೆ ಅಭಿನಂದನೆಗಳು. ಮಿಕ್ಸಿ ಕೊಂಡರೆ ಜೊತೆಗೊಂದು ಪುಸ್ತಕ ಬರುತ್ತದೆ. ತಂದ ದಿನ ಅದನ್ನು ಯಾರೂ ಓದುವುದಿಲ್ಲ, ಜಾರು ತಿರುಗದ ದಿನ ಮನೆಮಂದಿಯೆಲ್ಲ ಹುಡುಕುತ್ತಾರೆ. ಟೂರಿನವರು ಪುಸ್ತಕ ಕೊಡುವುದಿಲ್ಲ, ಟೋಪಿ ಕೊಡುತ್ತಾರೆ. ಕಳೆದ ಡಿಸೆಂಬರಿನಲ್ಲಿ ಮೈಸೂರಿನಿಂದ ಆ ಟೋಪಿ ಹಾಕಿಕೊಂಡು ಹೊರಟ ಮೂವತ್ತನಾಲ್ಕು ಜನರಲ್ಲಿ ನಾನೂ ನನ್ನ ಹೆಂಡತಿಯೂ ಇದ್ದೆವು. ಮುಂದೆ ಹೋಗುವವರಿಗೆ ಉಪಯೋಗಕ್ಕೆ ಬರಲೆಂದು ಈ ಕೈಪಿಡಿ ಬರೆದಿದ್ದೇನೆ. ಬಳಸುವ ಮುನ್ನ ಓದಿ. ಎಲ್ಲರ ತಲೆಯ ಮೇಲೂ ಒಂದೇ ಟೋಪಿ ಇರುವುದರಿಂದ ಹಿಂದಿನಿಂದ ನೋಡಿದರೆ ಸ್ವಂತ ಹೆಂಡತಿಯ ಗುರುತೂ ಸಿಗುವುದಿಲ್ಲ. ಆಕೆಯ ಸ್ವೆಟರಿನ ಬಣ್ಣ ನೆನಪಿಟ್ಟುಕೊಳ್ಳಿ.

ಪೆಟ್ಟಿಗೆಯೊಳಗೆ ಏನೇನಿದೆ

ಪುಶ್‌ಬ್ಯಾಕ್ ಸೀಟಿನ ಬಸ್ಸು ಒಂದು. ಮ್ಯಾನೇಜರು ಒಬ್ಬ. ಪ್ರತಿ ಊರಿನಲ್ಲಿ ಹತ್ತಿ ಅದೇ ಊರಿನಲ್ಲಿ ಇಳಿಯುವ ಗೈಡು ಒಬ್ಬೊಬ್ಬ. ಮೊಗಲ್ ಬಾದಶಹರು ಇಬ್ಬರೋ ಮೂವರೋ, ರಜಪೂತ ರಾಜರು ಬೇಕಾದಷ್ಟು. ಹುಲಿ ಒಂದು. ಕರಪತ್ರದ ಮುಖಪುಟದಲ್ಲಿ ತಾಜಮಹಲಿನ ಪಕ್ಕದಲ್ಲೇ ನಿಂತು ನಿಮ್ಮನ್ನು ದಿಟ್ಟಿಸುತ್ತಿರುವ ಆ ಹುಲಿ ಉದಾಹರಣೆಗೆ ಮಾತ್ರ. ಪೆಟ್ಟಿಗೆಯಲ್ಲಿ ಅದು ಇಲ್ಲದಿದ್ದರೆ ಅಂಗಡಿಯವರು ಜವಾಬ್ದಾರರಲ್ಲ.

ಯಂತ್ರದ ಮುಖ್ಯ ಭಾಗ ಮಾತ್ರ ಅಡುಗೆ ಭಟ್ಟರು. ನಮ್ಮ ತಂಡದ ಅರ್ಧಕ್ಕರ್ಧ ಜನ ದುಡ್ಡು ಕಟ್ಟಿದ್ದು ಶಹಜಹಾನನನ್ನು ನೋಡಿ ಅಲ್ಲ, ಭಟ್ಟರನ್ನು ನೋಡಿ. ಉತ್ತರ ಭಾರತವನ್ನು ನೋಡಬೇಕು, ಆದರೆ ಅಲ್ಲಿನ ರೊಟ್ಟಿ ಪನೀರು ಹೊಟ್ಟೆಗಿಳಿಯಬಾರದು ಎನ್ನುವವರಿಗೆಂದೇ ಈ ಮಾದರಿ ತಯಾರಾಗಿದೆ. ಬಸ್ಸಿನ ಡಿಕ್ಕಿಯಲ್ಲಿ ಸೂಟ್‌ಕೇಸುಗಳಿಗಿಂತ ಮೊದಲು ಗ್ಯಾಸ್ ಒಲೆ, ಎರಡು ಕೊಳದಪ್ಪಲೆ, ಸೋನಾಮಸೂರಿ ಮೂಟೆ, ಸಾರಿನ ಪುಡಿಯ ಡಬ್ಬ ಕೂರುತ್ತವೆ. ಜಾಗ ಉಳಿದರೆ ನಿಮ್ಮ ಸಾಮಾನು.

ಇದನ್ನು ಕಂಡು ನಗುವವರು ಜೈಪುರದ ಸಿಟಿ ಪ್ಯಾಲೇಸ್ ತಲುಪುವವರೆಗೆ ತಡೆದುಕೊಳ್ಳಬೇಕಾಗಿ ವಿನಂತಿ.

ಚಾಲನೆ: ದಿಲ್ಲಿ

ಮೊದಲಿಗೆ ಕ್ಯಾಲೆಂಡರ್ ನೋಡಿ. ಸೋಮವಾರ ಕೆಂಪುಕೋಟೆಗೆ ರಜೆ, ಶುಕ್ರವಾರ ತಾಜಮಹಲಿಗೆ ರಜೆ. ಈ ಎರಡು ರಜೆಗಳ ನಡುವೆ ಪ್ರವಾಸವನ್ನು ನುಸುಳಿಸುವುದೇ ಮ್ಯಾನೇಜರಿನ ವಿದ್ಯೆ. ರಾಹುಕಾಲ ನೋಡಿ ಹೊರಡುವ ನಮ್ಮ ಹಿರಿಯರು ಈ ಲೆಕ್ಕವನ್ನು ಬಹಳ ಗೌರವದಿಂದ ಒಪ್ಪಿಕೊಂಡರು.

ಪ್ರತಿ ತಂಡದಲ್ಲೂ ಇಲ್ಲಿಗೆ ಈ ಮೊದಲೇ ಬಂದುಹೋದ ಒಬ್ಬರು ಇರುತ್ತಾರೆ. ನಮ್ಮಲ್ಲಿ ಇದ್ದವರು ಬ್ಯಾಂಕಿನಿಂದ ನಿವೃತ್ತರಾದ ರಾಯರು. ಕುತುಬ್ ಮಿನಾರಿನ ಬುಡದಲ್ಲಿ ಗೈಡು, ಇದರ ಎತ್ತರ 72.5 ಮೀಟರು, ಶುರು ಮಾಡಿದ್ದು ಐಬಕ್, ಮುಂದುವರಿಸಿದ್ದು ಅಳಿಯ ಇಲ್ತುತ್‌ಮಿಶ್ ಎಂದು ಹೇಳುತ್ತಿದ್ದಾಗ ರಾಯರು ಅಡ್ಡಬಂದು, "ನಾನು 1974ರಲ್ಲಿ ಇದನ್ನ ಹತ್ತಿದ್ದೆ" ಎಂದರು. 1981ರ ನೂಕುನುಗ್ಗಲಿನ ದುರಂತದ ನಂತರ ಮೇಲೆ ಬಿಡುವುದಿಲ್ಲವಾದ್ದರಿಂದ ಅವರ ಮಾತನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಪಕ್ಕದ ಕಬ್ಬಿಣದ ಕಂಬಕ್ಕೂ ಬೆನ್ನು ಕೊಟ್ಟು ಹಿಮ್ಮುಖವಾಗಿ ತಬ್ಬಿದ್ದರಂತೆ. ಎರಡು ಕೈಯ ಬೆರಳು ಕೂಡಿದರೆ ಅದೃಷ್ಟ ಎನ್ನುತ್ತಿದ್ದ ಕಾಲ ಅದು. ಈಗ ಸುತ್ತ ಬೇಲಿ ಇದೆ. "ಕೂಡಿತ್ತಾ ಸಾರ್?" ಎಂದೆ. ರಾಯರು ಹೆಂಡತಿಯ ಕಡೆ ನೋಡಿ, "ಒಂದಿಂಚು ಕಮ್ಮಿ ಆಯ್ತು" ಎಂದರು.

ಕೆಂಪುಕೋಟೆಯಲ್ಲಿ ಒಂದು ವಾಕ್ಯ ನಿಮ್ಮ ಕಿವಿಗೆ ಬೀಳುತ್ತದೆ. ಅದನ್ನು ಎತ್ತಿಟ್ಟುಕೊಳ್ಳಿ, ಕೊನೆಯವರೆಗೂ ಬೇಕಾಗುತ್ತದೆ. ದಿವಾನ್-ಇ-ಖಾಸ್‌ನ ಮುಂದೆ ನಿಂತು ಗೈಡು, ಆಗ್ರಾದಲ್ಲಿದ್ದ ಶಹಜಹಾನ್ 1638ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತರಲು ಹೊರಟಿದ್ದು, ಕಟ್ಟಲು ಹತ್ತು ವರ್ಷ ಹಿಡಿದಿದ್ದು, ಇಲ್ಲಿದ್ದ ಮಯೂರ ಸಿಂಹಾಸನವನ್ನು 1739ರಲ್ಲಿ ನಾದಿರ್ ಶಾ ಹೊತ್ತುಕೊಂಡು ಹೋಗಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿ, ಖಾಲಿ ಅಮೃತಶಿಲೆಯ ಕಟ್ಟೆಯತ್ತ ಬೆರಳು ತೋರಿಸಿ ಹೇಳಿದ: "ಯಹೀ ಬೈಠತೇ ಥೇ." ಇಲ್ಲೇ ಕೂರುತ್ತಿದ್ದರು. ಮೂವತ್ತನಾಲ್ಕು ಮೊಬೈಲುಗಳು ಆ ಖಾಲಿ ಜಾಗದ ಫೋಟೊ ತೆಗೆದವು.

ಆಗ್ರಾ: ಮಂಜಿನಲ್ಲಿ ಬಳಸುವ ಕ್ರಮ

ಡಿಸೆಂಬರಿನಲ್ಲಿ ಹೋಗುವವರು ಗಮನಿಸಿ. ಯಮುನೆಯ ದಡದ ಮಂಜನ್ನು ನಮ್ಮ ಚಾಮುಂಡಿ ಬೆಟ್ಟದ ಮಂಜೆಂದು ತಿಳಿಯಬೇಡಿ. ಇದು ಬಂದರೆ ಬಸ್ಸಿನ ಡ್ರೈವರಿಗೆ ತನ್ನ ಬಸ್ಸಿನ ಮೂತಿ ಕಾಣುವುದಿಲ್ಲ.

ಆಗ್ರಾ ಕೋಟೆಗೆ ಹೋದದ್ದು ಇಳಿಹೊತ್ತು. ಮಗ ಔರಂಗಜೇಬ 1658ರಲ್ಲಿ ತಂದೆಯನ್ನು ಸೆರೆಯಲ್ಲಿಟ್ಟದ್ದು ಇಲ್ಲೇ. 1666ರಲ್ಲಿ ಸಾಯುವ ತನಕ ಶಹಜಹಾನ್ ಇಲ್ಲಿಂದ ಹೊರಬೀಳಲಿಲ್ಲ. ಗೈಡು ಬುರುಜಿನ ಕಡೆ ಕೈ ಮಾಡಿದ. "ಯಹೀ ಬೈಠಕರ್ ತಾಜ್ ಕೋ ದೇಖ್ತೇ ಥೇ." ನಾವೂ ಅತ್ತ ತಿರುಗಿದೆವು. ಬೂದು ಬಣ್ಣ ಬಿಟ್ಟರೆ ಏನೂ ಇಲ್ಲ. ಎಂಟು ಚಳಿಗಾಲ ಆ ಮುದುಕ ಇಲ್ಲಿ ಕೂತು ಎಷ್ಟು ದಿನ ಬರೀ ಈ ಬೂದು ಬಣ್ಣ ನೋಡಿರಬೇಕು ಎಂದು ಲೆಕ್ಕ ಹಾಕುತ್ತಿದ್ದೆ, ಅಷ್ಟರಲ್ಲಿ ಮ್ಯಾನೇಜರು ಸೀಟಿ ಊದಿದ.

ಮರುದಿನ ಬೆಳಿಗ್ಗೆ ತಾಜ್. ವಾಹನಗಳನ್ನು ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ತಿಂಡಿ ಒಳಗೆ ಬಿಡುವುದಿಲ್ಲ. ನಮ್ಮ ತಂಡದ ಹಿರಿಯಜ್ಜಿಯ ಚೀಲದಲ್ಲಿ ಕೋಡುಬಳೆ ಸಿಕ್ಕಿತು. ಅಜ್ಜಿ ಜಗಳವಾಡಲಿಲ್ಲ. ಪೊಟ್ಟಣವನ್ನು ತಪಾಸಣೆಯ ಹುಡುಗಿಯ ಕೈಗೇ ಇಟ್ಟು, "ತಿನ್ನವ್ವ, ಮೊನ್ನೆ ಕರಿದಿದ್ದು, ಗರಿಗರಿಯಾಗಿದೆ" ಎಂದು ಕನ್ನಡದಲ್ಲೇ ಹೇಳಿ ಮುಂದೆ ಹೋದರು. ಟಿಕೆಟ್ಟು ಮೂರು ಗಂಟೆ ಒಳಗಿರಲು ಅವಕಾಶ ಕೊಡುತ್ತದೆ. ಮ್ಯಾನೇಜರು ಒಂದೂಕಾಲು ಗಂಟೆ ಕೊಟ್ಟ.

ಹೆಬ್ಬಾಗಿಲು ದಾಟಿ ನಿಂತರೆ ತಾಜಮಹಲು ಇರಲಿಲ್ಲ. ಕಾಲುವೆಯ ನೀರು ಹತ್ತು ಮಾರು ಹೋಗಿ ಮಾಯವಾಗುತ್ತಿತ್ತು, ಆಮೇಲೆ ಬಿಳಿ ಗೋಡೆಯಂಥ ಮಂಜು. "ಸಾಮ್‌ನೇ ಹೈ" ಎಂದ ಗೈಡು. ಎದುರಿಗೇ ಇದೆ. ಕಾಣದಿದ್ದರೂ ಅವನು ಪಾಠ ನಿಲ್ಲಿಸಲಿಲ್ಲ. ಮುಮ್ತಾಜ್ ತೀರಿಕೊಂಡದ್ದು 1631ರಲ್ಲಿ, ಬುರ್ಹಾನ್‌ಪುರದಲ್ಲಿ, ಹದಿನಾಲ್ಕನೆಯ ಹೆರಿಗೆಯಲ್ಲಿ. ನಾಲ್ಕೂ ಮಿನಾರುಗಳು ಒಂದಿಷ್ಟು ಹೊರಕ್ಕೆ ವಾಲಿವೆ, ಬಿದ್ದರೂ ಗೋರಿಯ ಮೇಲೆ ಬೀಳಬಾರದೆಂದು. ಕೆಲಸಗಾರರ ಕೈ ಕಡಿಸಿದ ಕಥೆಯೂ ಬಂತು. ಅದು ಬಂದೇ ಬರುತ್ತದೆ. ಅದಕ್ಕೆ ಆ ಕಾಲದ ಯಾವ ಆಧಾರವೂ ಇಲ್ಲ, ಆದರೆ ಕೇಳಿದವರು 'ಅಯ್ಯೋ' ಎನ್ನುವುದು ವಾಡಿಕೆ, ನೀವೂ ಅನ್ನಿ.

ಮುಕ್ಕಾಲು ಪಾಲು ಜನ ಮಂಜಿನ ಮುಂದೆಯೇ ಸೆಲ್ಫಿ ತೆಗೆದುಕೊಂಡು, ಗುಮ್ಮಟದ ತುದಿ ಹಿಡಿದಂತೆ ಬೆರಳು ಮಡಿಸಿ ಇನ್ನೊಂದು ತೆಗೆಸಿಕೊಂಡು, ಹತ್ತಿರ ಹೋಗಿ ಗೋಡೆ ಮುಟ್ಟಿ ಬರಲು ಹೊರಟರು. ನನ್ನ ಹೆಂಡತಿ ಮೆಟ್ಟಿಲ ಮೇಲೆ ಕೂತಳು. "ಕಾಲು ನೋಯ್ತಿದೆ, ನೀವು ಹೋಗ್ಬನ್ನಿ" ಎಂದಳು. ನಾನೂ ಕೂತೆ. ಅರ್ಧ ಗಂಟೆಯಾದ ಮೇಲೆ ಅವಳು ನನ್ನ ಮೊಣಕೈ ತಿವಿದಳು. ಕಾಯಿಸಿಟ್ಟ ಹಾಲು ಆರುವಾಗ ಮೇಲೆ ಕೆನೆ ಕಟ್ಟುತ್ತದಲ್ಲ, ಹಾಗೆ ಬಿಳಿಯೊಳಗೆ ಇನ್ನೊಂದು ಬಿಳಿ ಗಟ್ಟಿಯಾಗುತ್ತಿತ್ತು. ಗುಮ್ಮಟದ ಒಂದು ಪಕ್ಕ ಮೂಡಿತು, ಬಲಗಡೆಯ ಒಂದು ಮಿನಾರು ಮೂಡಿತು, ಕೆಳಗೆ ಇನ್ನೂ ಏನೂ ಇಲ್ಲ. ಅಷ್ಟು ದೊಡ್ಡ ಕಟ್ಟಡ ನೆಲ ಮುಟ್ಟದೆ ನಿಂತಿತ್ತು. ಒಂದು ಗಳಿಗೆ ಹಾಗಿದ್ದು ಮತ್ತೆ ಮುಚ್ಚಿಕೊಂಡಿತು. ಹೊರಡುವ ಹೊತ್ತಾಗಿತ್ತು.

ತಾಜಮಹಲಿಗೆ ಒಂದೂಕಾಲು ಗಂಟೆ ಕೊಟ್ಟವರು ಅದೇ ಕಲ್ಲಿನ ತಟ್ಟೆ ಲೋಟ ಮಾರುವ ಅಂಗಡಿಗೆ ಎರಡು ಗಂಟೆ ಕೊಟ್ಟರು. ಈ ದೋಷ ಎಲ್ಲ ಮಾದರಿಗಳಲ್ಲೂ ಇದೆ, ರಿಪೇರಿ ಆಗುವಂಥದ್ದಲ್ಲ.

ಆಗ್ರಾದ ಪೇಠಾ ತಪ್ಪದೆ ಕೊಳ್ಳಿ. ನಮ್ಮವರೆಲ್ಲ ಅದನ್ನು ಏನೋ ಅಪರೂಪದ ಸಿಹಿ ಎಂದು ಡಬ್ಬಗಟ್ಟಲೆ ಕೊಂಡರು. ಭಟ್ಟರು ಒಂದು ತುಂಡು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಇದು ಬೂದುಗುಂಬಳ ಕಣ್ರೀ!" ಎಂದರು. ಹೌದು, ಅದೇ. ನಾವು ಆಯುಧಪೂಜೆಗೆ ರಸ್ತೆಯಲ್ಲಿ ಒಡೆಯುವುದು, ಮದುವೆಮನೆಯಲ್ಲಿ ಕಾಶಿಹಲ್ವ ಮಾಡುವುದು. ಭಟ್ಟರು ಸುಮ್ಮನಿರದೆ ಮಾರ್ಕೆಟ್ಟಿಗೆ ಹೋಗಿ ಇಡೀ ಕಾಯಿ ಎರಡು ತಂದರು. ಮರುದಿನ ಜೈಪುರದಲ್ಲಿ ಮಜ್ಜಿಗೆ ಹುಳಿ.

ಫತೇಪುರ್ ಸಿಕ್ರಿ ದಾರಿಯಲ್ಲೇ ಸಿಗುತ್ತದೆ. ಅಕ್ಬರ್ ಅದನ್ನು ರಾಜಧಾನಿಯಾಗಿ ಬಳಸಿದ್ದು 1571ರಿಂದ 1585ರವರೆಗೆ. ನಾವು ಬಳಸಿದ್ದು ನಲವತ್ತು ನಿಮಿಷ. ಅಲ್ಲೂ ಒಂದು ಕಟ್ಟೆ ತೋರಿಸಿ 'ಯಹೀ ಬೈಠತೇ ಥೇ' ಎಂದರು.

ಜೈಪುರ: ಗಡಿಯಾರ ಹೊಂದಿಸಿಕೊಳ್ಳುವುದು

ಎರಡನೆಯ ಸವಾಯಿ ಜಯಸಿಂಹ 1727ರಲ್ಲಿ ಕಟ್ಟಿಸಿದ ಊರು. ನಕ್ಷೆ ವಿದ್ಯಾಧರ ಭಟ್ಟಾಚಾರ್ಯರದು. ಹವಾಮಹಲನ್ನು ಎಲ್ಲರೂ ರಸ್ತೆಯ ಆಚೆ ಬದಿಯಿಂದ ನೋಡಿ ಫೋಟೊ ತೆಗೆಯುತ್ತಾರೆ. ಅಸಲಿಗೆ ಅದು ಕಟ್ಟಡದ ಹಿಂಭಾಗ. 953 ಕಿಟಕಿಗಳು ಇರುವುದು ಒಳಗಿನ ಹೆಂಗಸರು ಹೊರಗಿನವರನ್ನು ನೋಡಲಿಕ್ಕೆ, ಹೊರಗಿನವರು ಅವರನ್ನು ನೋಡಲಿಕ್ಕಲ್ಲ. ಅಂಬೇರ್ ಕೋಟೆಗೆ ಜೀಪಿನಲ್ಲಿ ಹೋಗಿ, ಶೀಶ್ ಮಹಲಿನಲ್ಲಿ ನಿಮ್ಮ ಮುಖ ನೂರಾರು ಚೂರಾಗಿ ಕಂಡಾಗ ಹೆದರಬೇಡಿ.

ಬಳಕೆದಾರರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಜಂತರ್ ಮಂತರ್‌ನಲ್ಲಿ. ಅಲ್ಲಿನ ಸಮ್ರಾಟ್ ಯಂತ್ರ 27 ಮೀಟರ್ ಎತ್ತರದ ನೆರಳುಗಡಿಯಾರ. ಎರಡು ಸೆಕೆಂಡಿನಷ್ಟು ನಿಖರವಾಗಿ ಹೊತ್ತು ಅಳೆಯುತ್ತದೆ. ನಮ್ಮವರು ಅದರ ಬುಡಕ್ಕೆ ಅರ್ಧ ಗಂಟೆ ತಡವಾಗಿ ಬಂದರು. ಮ್ಯಾನೇಜರು ರೇಗಿದ. ಆಗ ಗೈಡು ಹೇಳಿದ ಮಾತು ನಮ್ಮ ತಂಡಕ್ಕೆ ಬಹಳ ಹಿಡಿಸಿತು. ನಮ್ಮ ಕೈಗಡಿಯಾರದ ಸಮಯ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ್ದು. ಜೈಪುರ ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ಇಲ್ಲಿನ ಸೂರ್ಯ ಸುಮಾರು 27 ನಿಮಿಷ ಹಿಂದೆ, ತಿಂಗಳಿಗೆ ತಕ್ಕಂತೆ ಒಂದಿಷ್ಟು ಹೆಚ್ಚುಕಡಿಮೆ. ಅಂದರೆ ಜಯಸಿಂಹನ ಲೆಕ್ಕದಲ್ಲಿ ನಾವು ತಡವಾಗಿ ಬಂದದ್ದು ಬರೀ ಮೂರು ನಿಮಿಷ. "ನಮ್ಮ ಮೈಸೂರಿನ ಸೂರ್ಯನೂ ಹೆಚ್ಚುಕಮ್ಮಿ ಅಷ್ಟೇ ಹಿಂದೆ" ಎಂದು ರಾಯರು ಲೆಕ್ಕ ಹಾಕಿ ಹೇಳಿದರು. ಮದುವೆಗೆ ನಾವು ಯಾಕೆ ಹಾಗೆ ಹೋಗುತ್ತೇವೆ ಎಂಬುದೂ ಬಗೆಹರಿಯಿತು.

ಈಗ ಸಿಟಿ ಪ್ಯಾಲೇಸ್. ನಗುವನ್ನು ತಡೆದುಕೊಂಡವರು ಬನ್ನಿ. ಇಲ್ಲಿ ಆಳೆತ್ತರದ ಎರಡು ಬೆಳ್ಳಿ ಹಂಡೆಗಳಿವೆ. ಒಂದೊಂದೂ 345 ಕಿಲೊ. ಇಂಗ್ಲೆಂಡಿನ ಯುವರಾಜ ಬರುತ್ತಾನೆಂದು 1876ರಲ್ಲಿ ಈ ಊರಿಗೆಲ್ಲ ಗುಲಾಬಿ ಸುಣ್ಣ ಬಳಿಸಿದ್ದರು. ಆ ಯುವರಾಜನೇ ಏಳನೆಯ ಎಡ್ವರ್ಡ್ ಆಗಿ 1902ರಲ್ಲಿ ಪಟ್ಟಾಭಿಷೇಕ ಮಾಡಿಸಿಕೊಂಡಾಗ ಜೈಪುರದ ಮಾಧೋಸಿಂಹ ಮಹಾರಾಜರಿಗೆ ಲಂಡನ್ನಿಗೆ ಆಹ್ವಾನ ಬಂತು. ಸಮುದ್ರ ದಾಟಬೇಕು, ಆದರೆ ಅಲ್ಲಿನ ನೀರು ಕುಡಿಯಕೂಡದು. ಮಹಾರಾಜರು ಇಂಥ ಹಂಡೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹಡಗು ಹತ್ತಿದರು. ಭಟ್ಟರು ಆ ಹಂಡೆಯ ಮುಂದೆ ಬಹಳ ಹೊತ್ತು ನಿಂತಿದ್ದರು. "ಕೊಳದಪ್ಪಲೆ ಅಂದ್ರೆ ಇದು" ಎಂದರು.

ರಣಥಂಬೋರ್: ಎಂಜಿನ್ ಆಫ್ ಮಾಡಿ

ಸವಾಯಿ ಮಾಧೋಪುರ ತಲುಪುವ ಮುನ್ನ ರಸ್ತೆಯ ಎರಡೂ ಬದಿ ಸೀಬೆ ತೋಟಗಳು. ಕೊಳ್ಳಿ. ಕಾಡಿಗೆ ಹೋಗಲು ಎರಡು ಬಗೆಯ ವಾಹನ: ಆರು ಜನರ ಜಿಪ್ಸಿ, ಇಪ್ಪತ್ತು ಜನರ ಕ್ಯಾಂಟರ್. ಪ್ಯಾಕೇಜಿನವರಿಗೆ ಕ್ಯಾಂಟರೇ ಗತಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಅಸಲು ಕೈಯಲ್ಲಿರಬೇಕು. ಬೆಳಗಿನ ಚಳಿಗೆ ಮಂಕಿ ಕ್ಯಾಪು, ಮಫ್ಲರು, ಹೋಟೆಲಿನ ಕಂಬಳಿ, ಮೂರೂ ಒಟ್ಟಿಗೆ ಬೇಕು. ಹೀಗೆ ಸಜ್ಜಾದ ಇಪ್ಪತ್ತು ಮೈಸೂರಿಗರನ್ನು ನೋಡಿ ಹುಲಿ ಹೆದರಿದ್ದರೆ ತಪ್ಪು ಅದರದಲ್ಲ.

ಇದು ಜೈಪುರದ ಮಹಾರಾಜರ ಬೇಟೆಯ ಕಾಡು. ಊರಿಗೆ ಸುಣ್ಣ ಬಳಿಸಿಕೊಂಡ ಆ ಯುವರಾಜನ ಮರಿಮೊಮ್ಮಗಳು ಎಲಿಜಬೆತ್ ರಾಣಿ 1961ರಲ್ಲಿ ಬಂದಾಗ ಅವರ ಪತಿ ಫಿಲಿಪ್ ಇಲ್ಲೊಂದು ಹುಲಿ ಹೊಡೆದರು. ಹನ್ನೆರಡು ವರ್ಷದ ನಂತರ, 1973ರಲ್ಲಿ, ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಸೇರಿತು. ನಮ್ಮ ಬಂಡೀಪುರವೂ ಆ ಒಂಬತ್ತರಲ್ಲಿ ಒಂದು. ಇನ್ನೊಂದು ಲೆಕ್ಕವನ್ನು ಬಸ್ಸಿನಲ್ಲಿ ಜೋರಾಗಿ ಹೇಳಬೇಡಿ, ಮ್ಯಾನೇಜರಿಗೆ ಬೇಸರವಾಗುತ್ತದೆ: 2022ರ ಗಣತಿಯಲ್ಲಿ ಇಡೀ ರಾಜಸ್ಥಾನದ ಹುಲಿಗಳು 88, ಕರ್ನಾಟಕದವು 563.

ಆದರೂ ಇಲ್ಲಿಗೆ ಜನ ಬರುವುದಕ್ಕೆ ಕಾರಣ ಉಂಟು. ಇದು ಒಣಕಾಡು. ನಮ್ಮ ದಿಂಡಿಗದ ದಾಯಾದಿಯಾದ ಧೋಕ್ ಮರಗಳು, ಬೋಳು ಬಂಡೆ, ಕೆರೆಗಳ ಅಂಚಿನಲ್ಲಿ ಹಳೆಯ ಬೇಟೆಯ ಅರಮನೆಗಳು. ಮರೆ ಕಡಿಮೆ, ಹುಲಿ ಹಗಲಲ್ಲೇ ಓಡಾಡುತ್ತದೆ. ಮಛಲಿ ಎಂಬ ಹೆಣ್ಣುಹುಲಿ ಈ ಕೆರೆಗಳನ್ನು ಆಳಿದವಳು. ಮುಖದ ಮೇಲೆ ಮೀನಿನಂಥ ಗುರುತಿದ್ದುದರಿಂದ ಆ ಹೆಸರು. ಮೊಸಳೆಯ ಜೊತೆ ಕಾದಾಡಿ ಹೆಸರಾದವಳು, 2016ರಲ್ಲಿ ತೀರಿಕೊಂಡಳು. "ಯಹೀ ಬೈಠತೀ ಥೀ" ಎಂದು ಕೆರೆಯ ದಡದ ಒಂದು ಮಂಟಪವನ್ನು ತೋರಿಸಿದರು. ಶಹಜಹಾನನನ್ನು ತೋರಿಸಿದ್ದೂ ಹೀಗೇ.

ಈಗ ಮುಖ್ಯ ಕಾರ್ಯವಿಧಾನ. ಮೊದಲ ಗಂಟೆ ಜಿಂಕೆ, ಕಡವೆ, ನವಿಲು, ಹೆಗಲ ಮೇಲೆ ಬಂದು ಕೂರುವ ಮಟಪಕ್ಷಿ. ಮೊದಲ ಜಿಂಕೆಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಐವತ್ತನೆಯ ಜಿಂಕೆಗೆ ಯಾರೂ ತಲೆ ಎತ್ತುವುದಿಲ್ಲ. ಎರಡನೆಯ ಗಂಟೆಯಲ್ಲಿ ಗೈಡು ಕೈ ಎತ್ತಿದ, ಡ್ರೈವರು ಎಂಜಿನ್ ನಿಲ್ಲಿಸಿದ. ದಾರಿಯ ದೂಳಿನಲ್ಲಿ ಹೆಜ್ಜೆ. ಅಂಗೈ ಅಗಲ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಅಂಚು ಒಂದಿಷ್ಟೂ ಕುಸಿದಿಲ್ಲ. ಹೆಜ್ಜೆ ಬಿದ್ದದ್ದು ಟೈರಿನ ಗುರುತಿನ ಮೇಲೆ. ಅಂದರೆ ನಮಗಿಂತ ಸ್ವಲ್ಪ ಮುಂಚೆ ಹೋದ ಜಿಪ್ಸಿಯ ಹಿಂದೆ ಅದು ನಡೆದುಹೋಗಿದೆ. ಜಿಪ್ಸಿಯವರು ಮುಂದೆ ನೋಡುತ್ತಿದ್ದರು.

ಆಗ ಬಲಗಡೆಯ ಕಣಿವೆಯಿಂದ ಕಡವೆ ಕೂಗಿತು. ಒಂದು ಸಲ, ತಗಡಿಗೆ ಹೊಡೆದ ಹಾಗೆ. ಮರದ ಮೇಲಿನ ಮುಸುವ ಕೆಮ್ಮಿತು. ಮತ್ತೆ ಕಡವೆ. ನಮ್ಮ ಕ್ಯಾಂಟರಿನಲ್ಲಿ ಮೊಮ್ಮಗನ ಸಿಇಟಿ, ಅಳಿಯನ ಸೈಟು, ರಾತ್ರಿಯ ಗೊರಕೆ ಎಲ್ಲ ಒಟ್ಟಿಗೆ ನಿಂತವು. ಬಸ್ಸು, ಕೋಟೆ, ಗೋರಿ, ಎಲ್ಲೂ ಐದು ನಿಮಿಷ ಬಾಯಿ ಮುಚ್ಚಿರದವರು ಅವರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಆಗತಾನೆ ಇನ್ನೊಂದು ಡಬ್ಬದಿಂದ ಕೋಡುಬಳೆ ತೆಗೆದು ಬಾಯಿಗಿಟ್ಟುಕೊಂಡಿದ್ದರು. ಕಡಿದರೆ ಸದ್ದಾಗುತ್ತದೆ. ಕಡಿಯಲಿಲ್ಲ, ತೆಗೆಯಲೂ ಇಲ್ಲ. ಹಲ್ಲುಗಳ ನಡುವೆ ಅರ್ಧ ಕೋಡುಬಳೆ ಹಿಡಿದುಕೊಂಡು, ಮಂಕಿ ಕ್ಯಾಪಿನೊಳಗಿಂದ ಕಣಿವೆಯನ್ನೇ ನೋಡುತ್ತ ಇಪ್ಪತ್ತು ನಿಮಿಷ ಕೂತರು. ಅದು ಮೆತ್ತಗಾಗಿ ತಾನಾಗಿ ಕರಗಿರಬೇಕು.

ಹುಲಿ ಬರಲಿಲ್ಲ. ಕಡವೆ ಸುಮ್ಮನಾಯಿತು. ಗೈಡು ಗಡಿಯಾರ ನೋಡಿಕೊಂಡು, ಪೊದೆಯ ಪಕ್ಕದ ಒಂದು ಚಪ್ಪಟೆ ಬಂಡೆ ತೋರಿಸಿ ಹೇಳಿದ: "ಕಲ್ ಯಹೀ ಬೈಠಾ ಥಾ." ನಿನ್ನೆ ಇಲ್ಲೇ ಕೂತಿತ್ತು. ಇಪ್ಪತ್ತು ಮೊಬೈಲುಗಳು ಬಂಡೆಯ ಫೋಟೊ ತೆಗೆದವು.

ದೋಷಗಳು ಮತ್ತು ಪರಿಹಾರ

ಹುಲಿ ನಿಮ್ಮ ಕ್ಯಾಂಟರಿಗೆ ಕಾಣದೆ ಇನ್ನೊಂದು ಕ್ಯಾಂಟರಿಗೆ ಕಂಡಿದೆ: ಇದು ದೋಷವಲ್ಲ, ಸಾಮಾನ್ಯ ಲಕ್ಷಣ. ನಮ್ಮ ಉಳಿದ ಹದಿನಾಲ್ಕು ಜನರನ್ನು ಬೇರೆ ವಲಯಕ್ಕೆ ಕಳಿಸಿದ್ದರು, ರಾಯರು ಅದರಲ್ಲಿದ್ದರು. ಅವರ ವಿಡಿಯೋದಲ್ಲಿ ಮುಂದಿನವರ ಟೋಪಿ, ಹುಲ್ಲು, ಟೋಪಿ, ಒಂದು ಬಾಲ, ಮತ್ತೆ ಟೋಪಿ ಇವೆ. ಊಟದ ಹೊತ್ತಿಗೆ ಬಾಲ ಎರಡು ಮಾರು ಉದ್ದವಾಗಿತ್ತು. ತಿಳಿಸಾರಿನ ಜೊತೆ ನುಂಗಿಕೊಳ್ಳಿ.

ಸಮಾಧಾನ ಆಗುತ್ತಿಲ್ಲ: ಮಧ್ಯಾಹ್ನ ಕೋಟೆ ಹತ್ತಿ. ಅಲ್ಲಾವುದ್ದೀನ್ ಖಿಲ್ಜಿ 1301ರಲ್ಲಿ ಹಮ್ಮೀರದೇವನಿಂದ ಗೆದ್ದುಕೊಂಡ ಈ ಕೋಟೆ ಹುಲಿಗಳ ಕಾಡಿನ ನಡುವೆಯೇ ಇದೆ. ಮೇಲೆ ತ್ರಿನೇತ್ರ ಗಣೇಶನ ಗುಡಿ. ಈ ಕಡೆಯ ಜನ ಮದುವೆಯ ಮೊದಲ ಆಮಂತ್ರಣವನ್ನು ಈ ಗಣಪತಿಗೆ ಅಂಚೆಯಲ್ಲಿ ಕಳಿಸುತ್ತಾರೆ, ಪೋಸ್ಟ್‌ಮ್ಯಾನ್ ಬೆಟ್ಟ ಹತ್ತಿ ತಲುಪಿಸುತ್ತಾನೆ. ಇದನ್ನು ಕೇಳಿದ ಅಜ್ಜಿ ಚೀಲ ತಡಕಿ, ಮಾಘಮಾಸದಲ್ಲಿ ನಡೆಯಬೇಕಿದ್ದ ಮೊಮ್ಮಗಳ ಮದುವೆಯ ಕಾರ್ಡು ತೆಗೆದು ದೇವರ ಮುಂದಿಟ್ಟರು. ಕನ್ನಡದಲ್ಲಿತ್ತು. "ಓದ್ಕೋತಾನೆ ಬಿಡು" ಎಂದರು.

ಮಾರಾಟದ ನಂತರದ ಸೇವೆ

ಊರಿಗೆ ಬಂದ ಮರುದಿನದಿಂದ ಶುರುವಾಗುತ್ತದೆ. ತಾಜಮಹಲ್ ಹೇಗಿತ್ತು ಎಂದು ಯಾರೂ ಕೇಳುವುದಿಲ್ಲ, ಅದು ಅಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತು. ಹಾಲಿನವನಿಂದ ಹಿಡಿದು ಎಲ್ಲರದೂ ಒಂದೇ ಪ್ರಶ್ನೆ: "ಹುಲಿ ಕಾಣ್ತಾ ಸಾರ್?" ಉತ್ತರ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ನಾನು ಹೆಜ್ಜೆಯಿಂದ ಶುರು ಮಾಡಿ ಟೈರಿನ ಗುರುತು, ಕಡವೆಯ ಕೂಗು, ಕೋಡುಬಳೆಯವರೆಗೆ ಹೇಳುತ್ತಿದ್ದೆ. ಎದುರುಮನೆಯವರು ಪೇಠಾ ತಿನ್ನುತ್ತ ಪೂರ್ತಿ ಕೇಳಿಸಿಕೊಂಡರು.

"ಅಲ್ಲಾ ಸಾರ್, ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು? ಎಚ್.ಡಿ. ಕೋಟೆ ಹತ್ರ ನಮ್ಮ ಭಾವಮೈದನ ಶುಂಠಿ ಹೊಲ ಇದೆಯಲ್ಲ, ನೆನ್ನೆ ಫೋನ್ ಮಾಡಿದ್ದ. ಬದುವಿನ ಮೇಲೆ ಇಲ್ಲೇ ಕೂತಿತ್ತು ಭಾವ ಅಂತಿದ್ದ."

ಒಳಗಿನಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಎಷ್ಟು ಹೊತ್ತಿಗಂತೆ?"